ದಂಡೆಯ ಮೇಲೆ ನಿಂತವಳು

ಉಮಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದಳು. ಅನೀಲಕುಮಾರ ತಾಟಿನ ಮುಂದೆ ಕೂತು, ನೀರಿನ ಚೊಂಬಿಗೆ ಫೋನನ್ನು ಆನಿಸಿ ನಿಲ್ಲಿಸಿಕೊಂಡಿದ್ದ. ಅದರೊಳಗೆ ಯಾರೋ ನಾಲ್ವರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಕೂಗಾಡುತ್ತಿದ್ದರು. "ಇವತ್ತ ಇಶ್ರತ್‌ದು ಕಡೀ ದಿನ ರೀ," ಎಂದಳು. "ಹೂಂ," ಎಂದ. "ಸೋಮವಾರದಿಂದ ಆಕಿ ಬಸ್ಸಿಗಿ ಬರಂಗಿಲ್ಲ. ವರ್ಗ ಊರಿಗೇ ಆಗ್ಯಾದ." ಅವನು ನಕ್ಕ. ಅವಳೂ ನಗಲು ಹೋದಳು. ಆಮೇಲೆ ಗೊತ್ತಾಯಿತು, ನಗು ಚೊಂಬಿಗೆ ಸಂದದ್ದು, ತನಗಲ್ಲ. ಮತ್ತೆ ಹಿಟ್ಟಿನ ಮೇಲೆ ಅಂಗೈ ಇಟ್ಟಳು. ಬೇಕೆಂದೇ ಜೋರಾಗಿ ಬಡಿದಳು. ಅವನು ಎಡಗೈಯ ಬೆರಳಿನಿಂದ ಫೋನಿನ ದನಿ ಒಂದಿಷ್ಟು ಏರಿಸಿಕೊಂಡ, ಅಷ್ಟೆ. ಅದರಲ್ಲಿ ಸಿಟ್ಟಿರಲಿಲ್ಲ. ಮಳೆ ಬಂದರೆ ಕಿಟಕಿ ಮುಚ್ಚುವ ಹಾಗೆ ಮಾಡಿದ್ದ.

ಬ್ಯಾಗಿಗೆ ಬುತ್ತಿ ಇಟ್ಟಳು, ನೀರಿನ ಬಾಟಲಿ, ಕೊಡೆ, ಆಧಾರ್ ಕಾರ್ಡು, ಕಡೆಗೆ ಪುಸ್ತಕ. ವರ್ಷದ ಮೇಲಾಯಿತು, ಈ ಪುಸ್ತಕ ದಿನಾ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಬರುತ್ತಿತ್ತು. ತೆರೆದವರಿಲ್ಲ. ಅದರ ಒಂದು ಮೂಲೆ ಉಪ್ಪಿನಕಾಯಿ ಎಣ್ಣೆ ಕುಡಿದು ಹಳದಿಯಾಗಿತ್ತು. ಹಣೆಗೆ ಕುಂಕುಮ ಇಟ್ಟುಕೊಳ್ಳುವಷ್ಟೇ ರೂಢಿಯಲ್ಲಿ ಅವಳು ಅದನ್ನು ಬ್ಯಾಗಿಗೆ ಹಾಕುತ್ತಿದ್ದಳು. ಇರದಿದ್ದರೆ ಬ್ಯಾಗು ಹಗುರವೆನಿಸಿ ಏನೋ ಬಿಟ್ಟು ಬಂದ ಹಾಗಾಗುತ್ತಿತ್ತು. ಹುಮನಾಬಾದಿನ ತಾಲೂಕು ಕಚೇರಿಯಲ್ಲಿ ಪಹಣಿ ಕೊಡುವ ಕಿಟಕಿಯ ಹಿಂದೆ ಅವಳಿಗೆ 'ಓದೋ ಮೇಡಂ' ಎಂದೇ ಹೆಸರು. ಹೊಸದಾಗಿ ಬಂದ ಸಾಹೇಬರಿಗೆ ಪರಿಚಯ ಮಾಡುವಾಗ ಗುಮಾಸ್ತ ಕಲ್ಲಿನಾಥ, "ನಮ್ಮ ಮೇಡಂ ಬಾಳ ಓದತಾರ್ರಿ ಸರ್, ಬ್ಯಾಗಿನ್ಯಾಗ ಬುಕ್ ಇರಲಾರದ ದಿನಾನೇ ಇಲ್ಲ," ಎಂದಿದ್ದ. ಅವಳು ತಲೆ ತಗ್ಗಿಸಿದ್ದಳು. ನಾಚಿಕೆ ಎಂದುಕೊಂಡರು. ನಾಚಿಕೆಯೇ, ಆದರೆ ಅವರು ತಿಳಿದ ಕಾರಣಕ್ಕಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಇಶ್ರತ್ ಮೊದಲೇ ಬಂದು ನಿಂತಿದ್ದಳು. ಕಪ್ಪು ಬುರ್ಖಾದ ತೋಳಿಗೆ ಯಾವಾಗಲೂ ಇರುವ ಸೀಮೆಸುಣ್ಣದ ಬಿಳಿ. ಕೈಯಲ್ಲಿ ಮಿಠಾಯಿ ಡಬ್ಬಿ. ಹುಮನಾಬಾದಿನ ಉರ್ದು ಶಾಲೆಯಲ್ಲಿ ಇವತ್ತು ಅವಳಿಗೆ ಬೀಳ್ಕೊಡುಗೆ. ದಿನಾ ಹೋಗಿಬರುವ ಮಂದಿಯೆಲ್ಲ ಸುತ್ತ ನೆರೆದು, ನಸೀಬು ತೆರೀತು, ಇನ್ನ ಮುಂಜಾನಿ ಅರಾಮ್ ಎದ್ದು ಚಾ ಕುಡೀರಿ ಎನ್ನುತ್ತಿದ್ದರು. ಉಮಾದೇವಿಯೂ ಅಂದಳು, "ಚಲೋ ಆತು ನೋಡು. ಮನಿ ಮುಂದನ ಸಾಲಿ." ಇಶ್ರತ್ ಅವಳನ್ನು ಒಂದು ಗಳಿಗೆ ನೋಡಿ, "ಹೂಂ, ಕಿಲ್ಲಾ ದಾಟಿದ್ರ ಸಾಲಿ," ಎಂದು ಡಬ್ಬಿ ತೆರೆದು ಒಂದು ಪೇಢೆ ಅವಳ ಬಾಯಿಗೇ ಇಟ್ಟಳು. ಬಾಯಿ ತುಂಬಿದ್ದರಿಂದ ಮುಂದೆ ಮಾತು ಬೇಕಾಗಲಿಲ್ಲ. ಬಸ್ಸು ಹತ್ತಿದರು. ಅವರ ಸೀಟು ಗೊತ್ತಿದ್ದದ್ದೇ: ಡ್ರೈವರನ ಹಿಂದೆ ಮೂರನೆಯದು, ಉಮಾದೇವಿ ಕಿಟಕಿಗೆ, ಇಶ್ರತ್ ಈ ಕಡೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಜಾಗಕ್ಕೆ ಜಗಳವಾಗುತ್ತಿತ್ತು, ಆದರೂ ಕಂಡಕ್ಟರ್ ತುಳಜಾರಾಮ ಟವೆಲ್ಲು ಹಾಕಿ ಆ ಸೀಟು ಹಿಡಿದಿಡುತ್ತಿದ್ದ. ಕೂತದ್ದೇ ಇಶ್ರತ್ ಎರಡೂ ಕಿವಿಗೆ ಬಿಳಿ ಗುಂಡಿ ಸಿಕ್ಕಿಸಿ, ಮಿಠಾಯಿ ಡಬ್ಬಿಯ ಮೇಲೆ ಫೋನಿಟ್ಟು ಯಾವುದೋ ಉರ್ದು ಸೀರಿಯಲ್ಲು ಹಚ್ಚಿದಳು. ಇವತ್ತಾದರೂ ಹಚ್ಚಲಿಕ್ಕಿಲ್ಲ ಎಂದು ಉಮಾದೇವಿ ಯಾಕೆ ಅಂದುಕೊಂಡಿದ್ದಳೋ. ಬ್ಯಾಗಿನೊಳಗೆ ಕೈ ಹಾಕಿ ಪುಸ್ತಕದ ಬೆನ್ನು ಮುಟ್ಟಿದಳು. ಬಸ್ಸಿನ ತುಂಬ ಫೋನುಗಳು. ಒಂದರಲ್ಲಿ ಡೊಳ್ಳು, ಒಂದರಲ್ಲಿ ಯಾರೋ ಹೆಂಗಸು ಗಹಗಹಿಸಿ ನಗುತ್ತಿದ್ದಳು, ಒಂದರಲ್ಲಿ ಸ್ವಾಮಿಗಳ ಪ್ರವಚನ ಅರ್ಧಕ್ಕೆ ಕಡಿದು ಕುಕ್ಕರಿನ ಸೀಟಿಯಾಯಿತು. ಕೈ ಹೊರಗೆ ತೆಗೆದಳು. ಸಂಜೆಗೆ ನೋಡೋಣ, ಸಂಜೆ ಇನ್ನೊಂದು ಬಸ್ಸಿದೆಯಲ್ಲ.

ಶುರುವಾದದ್ದು ರಾಜೇಶ್ವರದ ಹತ್ತಿರ ಬಸ್ಸು ಕೆಟ್ಟು ನಿಂತ ದಿನ. ಆಗ ಅವರಿಬ್ಬರಿಗೂ ಮುಖಪರಿಚಯವಷ್ಟೇ. ಎಲ್ಲರೂ ಇಳಿದು ಬೇವಿನ ಗಿಡದ ಕೆಳಗೆ ನಿಂತಿದ್ದಾಗ ಉಮಾದೇವಿ ಪುಸ್ತಕ ಓದುತ್ತ ನಕ್ಕಿದ್ದಳು. "ಏನ್ರೀ, ಒಬ್ಬಾಕಿನೇ ನಗಾಕತ್ತೀರಿ? ನಮಗೂ ಜರಾ ಹೇಳ್ರಲ್ಲ," ಎಂದು ಪಕ್ಕದ ಬುರ್ಖಾದವಳು ಕೇಳಿದಳು. ಹೇಳಲು ಬರಲಿಲ್ಲ, ಓದಿಯೇ ತೋರಿಸಿದಳು. ಬಸ್ಸು ರಿಪೇರಿಯಾದ ಮೇಲೂ ಓದು ನಿಲ್ಲಲಿಲ್ಲ. ಇಶ್ರತ್ ಉರ್ದು ಶಾಲೆಯಲ್ಲಿ ಕಲಿತವಳು, ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತಿತ್ತು, ಅಕ್ಷರ ಮಾತ್ರ ಬಸ್ಸಿನ ಬೋರ್ಡಿನಷ್ಟು. ಹಾಗಾಗಿ ಉಮಾದೇವಿ ಸಾಲಿನ ಕೆಳಗೆ ಬೆರಳಾಡಿಸುತ್ತ, ಅವಳ ಕಿವಿಗಷ್ಟೇ ಮುಟ್ಟುವ ಹಾಗೆ ಓದುವಳು. ಅವಳ ಕಣ್ಣು ಬೆರಳಿನ ಹಿಂದೆ ಬರುವುದು. ಹೋಗುವಾಗ ಒಂದಿಷ್ಟು, ಬರುವಾಗ ಒಂದಿಷ್ಟು. ತುಳಜಾರಾಮ ಟಿಕೆಟ್ ಹರಿಯುತ್ತ ಬಂದವನು, "ಪುರಾಣ ಎಲ್ಲಿಗಿ ಬಂತ್ರಿ ಅಕ್ಕೋರೆ?" ಎಂದು ಕೇಳುವನು. ಹೀಗೆ ಎಷ್ಟೋ ಕಾದಂಬರಿ ಮುಗಿದವು. ರಜೆಯ ದಿನ ಓದುವ ಹಾಗಿಲ್ಲ, ಒಬ್ಬಳೇ ಮುಂದಿನ ಪುಟ ತಿರುವುವ ಹಾಗಿಲ್ಲ ಎಂದು ಇಶ್ರತ್ ಕಟ್ಟು ಹಾಕಿದ್ದಳು. ಉಮಾದೇವಿ ಆ ಕಟ್ಟನ್ನು ಮುರಿದವಳಲ್ಲ. ಮನೆಯಲ್ಲಿ ಅವಳು ಮಾತಾಡಿದ್ದಕ್ಕೆ 'ಹೂಂ' ಎಂಬ ಉತ್ತರವಾದರೂ ಬರುತ್ತಿತ್ತು. ಆದರೆ ಅವಳು ಬಾಯಿ ತೆರೆಯುವುದನ್ನೇ ಕಾದು ಕೂತವರು ಆ ಮೂರನೆಯ ಸೀಟಿನಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ. ಇದು ಅವಳಿಗೆ ಆಗ ಗೊತ್ತಿರಲಿಲ್ಲ. ಉಪ್ಪು ಇರುವಾಗ ಉಪ್ಪಿನ ಯೋಚನೆ ಯಾರು ಮಾಡುತ್ತಾರೆ.

ಈಗ ಬ್ಯಾಗಿನಲ್ಲಿದ್ದ ಕಾದಂಬರಿಯಲ್ಲಿ ಒಬ್ಬ ಹೆಂಗಸು. ಸಂಸಾರ ಸಾಕಾಗಿ, ತಗಡಿನ ಪೆಟ್ಟಿಗೆ ಹೊತ್ತು ಹೊಳೆಯ ದಂಡೆಗೆ ಬಂದಿದ್ದಾಳೆ. ಆಚೆಯಿಂದ ದೋಣಿ ಬರಬೇಕು. ಹೋದ ವರ್ಷ ಒಂದು ಮುಂಜಾನೆ ಅಲ್ಲಿಗೆ ಓದು ನಿಂತಿತ್ತು. ಅವತ್ತೇ ಸಂಜೆ ಬಸ್ಸಿನಲ್ಲಿ ಇಶ್ರತ್ ಅವಳ ಕಡೆ ವಾಲಿ, "ಹಚ್ಚು ಉಮಕ್ಕಾ, ದೋಣಿ ಬಂತೋ ಇಲ್ಲೋ," ಎಂದಳು. ಆಗ ಉಮಾದೇವಿಯ ಕೈಯಲ್ಲಿ ಹೊಸ ಫೋನು. ಮಗಳು ಧನಶ್ರೀ ಕೊಡಿಸಿದ್ದು. ಅದರಲ್ಲಿ ಒಬ್ಬನು ಕೆಸರು ಮೆತ್ತಿ ಕಪ್ಪಾದ ಜಮಖಾನೆಯನ್ನು ನೆಲಕ್ಕೆ ಹಾಸಿ ನೀರು ಬಿಟ್ಟು ತೊಳೆಯುತ್ತಿದ್ದ. ಕಪ್ಪು ಹೋಗಿ ಒಂದು ಮೂಲೆಯಲ್ಲಿ ಕೆಂಪು ಕಾಣಿಸಿತ್ತು. ಪೂರ್ತಿ ಕೆಂಪಾಗುವುದನ್ನು ನೋಡಬೇಕಿತ್ತು, ಅಷ್ಟೇ. "ಯಾಕೋ ಗಂಟಲ ಸರಿ ಇಲ್ಲ ಇಶ್ರತ್," ಎಂದು ಕಿಟಕಿಯ ಕಡೆ ತಿರುಗಿ, ಸೆರಗಿನ ಮರೆಯಲ್ಲಿ ಫೋನು ಹಿಡಿದಳು. ಜಮಖಾನೆ ಕೆಂಪಾಯಿತು. ಆಮೇಲೆ ಇನ್ನೊಂದು ಜಮಖಾನೆ. ಮರುದಿನ ಮುಂಜಾನೆ ಇಶ್ರತ್ ಕಾಗದದಲ್ಲಿ ಸುತ್ತಿ ಜ್ಯೇಷ್ಠಮಧುವಿನ ಕಡ್ಡಿ ತಂದಿದ್ದಳು. "ದವಡ್ಯಾಗ ಇಟ್ಕೋ, ಗಂಟಲ ಬಿಡತದ." ಅದರ ಮರುದಿನವೂ ತಂದಳು. ಉಮಾದೇವಿ ಆ ಸಿಹಿ ಕಡ್ಡಿಯನ್ನು ಚೀಪುತ್ತ, ಹೆಬ್ಬೆರಳಿನಿಂದ ಒಂದಾದ ಮೇಲೊಂದು ಜಮಖಾನೆ ಮೇಲಕ್ಕೆ ತಳ್ಳುತ್ತ ಹುಮನಾಬಾದು ಮುಟ್ಟುವಳು. ಗಂಟಲು ಇನ್ನೂ ಸರಿಯಾಗಲಿಲ್ಲವೇ ಎಂದು ಕೇಳುವುದನ್ನು ಇಶ್ರತ್ ಯಾವಾಗ ಬಿಟ್ಟಳೋ ಅವಳಿಗೆ ನೆನಪಿಲ್ಲ. ಒಂದು ದಿನ ನೋಡಿದರೆ ಅವಳ ಕಿವಿಯಲ್ಲಿ ಬಿಳಿ ಗುಂಡಿಗಳಿದ್ದವು. ಆಗ ಉಮಾದೇವಿಗೆ ಹಾಯೆನಿಸಿತ್ತು. ಆ ಹಾಯೆನಿಸಿದ್ದೇ ಈಗ ಚುಚ್ಚುತ್ತಿತ್ತು.

ಮಧ್ಯಾಹ್ನ ಕಚೇರಿಯಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಅವಳು ಪುಸ್ತಕ ಹೊರಗೆ ತೆಗೆದಳು. ಸಂಜೆ ಓದಬೇಕೆಂದರೆ ಬಾಯಿಗೆ ರೂಢಿಯಾಗಬೇಕು. ಹಿಂದಿನ ಪುಟವನ್ನಾದರೂ ನೋಡಿಕೊಳ್ಳೋಣ. ಗುರುತಿಗೆ ಇಟ್ಟಿದ್ದ ಸೊನ್ನೆ ಟಿಕೆಟ್ಟಿನ ಮೇಲಿನ ಅಕ್ಷರಗಳೆಲ್ಲ ಮಾಸಿ ಬರೀ ಬಿಳಿ ಚೀಟಿಯಾಗಿತ್ತು. ಓದತೊಡಗಿದಳು. ಮೊದಲ ಸಾಲಿನಲ್ಲಿ ಹೊಳೆ ಇತ್ತು, ಎರಡನೆಯದರಲ್ಲಿ ಪೆಟ್ಟಿಗೆ, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕಣ್ಣು ಪುಟದ ತಳಕ್ಕೆ ಜಾರಿತ್ತು. ಮತ್ತೆ ಮೇಲಕ್ಕೆ ತಂದಳು. ಮತ್ತೆ ಜಾರಿತು. ಅವಳ ಹೆಬ್ಬೆರಳು ಕಾಗದದ ಅಂಚಿನಲ್ಲಿ ತಾನೇ ತಾನಾಗಿ ಮೇಲಕ್ಕೆ ತಳ್ಳುತ್ತಿತ್ತು, ಪುಟ ಸರಿಯಲಿಲ್ಲ ಎಂದು ಬೆರಳಿಗೇ ಬೇಸರವಾದ ಹಾಗೆ. ಅವಳು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. ಎದುರಿಗೆ ಕಲ್ಲಿನಾಥ ಊಟ ಮಾಡುತ್ತಿದ್ದವನು, "ಹ್ಯಾಂಗದ್ರಿ ಮೇಡಂ ಈ ಬುಕ್ಕು? ಏನೈತ್ರಿ ಕತಿ?" ಎಂದ. "ಭಾಳ ಚಲೋ ಅದ," ಎಂದಳು. "ಕಡೀಗಿ ಏನಾಗತದ್ರಿ?" ಉಮಾದೇವಿ ರೊಟ್ಟಿ ಮುರಿದಳು. "ಕಡೀದು ಹೇಳಬಾರದು," ಎಂದಳು. ಅವನು ಮೆಚ್ಚಿ ತಲೆಯಾಡಿಸಿ ತನ್ನ ಫೋನಿಗೆ ಮರಳಿದ. ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಿದ್ದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಸಂಜೆ ಹುಮನಾಬಾದಿನ ಸ್ಟ್ಯಾಂಡಿನಲ್ಲಿ ಇಶ್ರತ್ ಹಾರ, ಶಾಲು, ಚೀಲಗಳ ಸಮೇತ ಬಂದಳು. ಕಣ್ಣು ಕೆಂಪಗಿದ್ದವು. ಸೀಟಿನಲ್ಲಿ ಕೂತು ಹಾರವನ್ನು ತೊಡೆಯ ಮೇಲೆ ಸುರುಳಿ ಸುತ್ತಿಟ್ಟು ಕಿವಿಗೆ ಗುಂಡಿ ಸಿಕ್ಕಿಸಿಕೊಂಡಳು. ತುಳಜಾರಾಮ ಬಂದು, "ಏನ್ ಅಕ್ಕೋರೆ, ನಮ್ಮ ಗಾಡಿ ಬ್ಯಾಸರಾತೇನು, ಬಿಟ್ಟು ಹೊಂಟ್ರಿ?" ಎಂದ. ಆಮೇಲೆ ಉಮಾದೇವಿಯ ಕಡೆ ತಿರುಗಿ, "ನೀವೊಬ್ರೇ ಆದ್ರಿ ನೋಡ್ರಿ," ಎಂದು ಸೊನ್ನೆ ಟಿಕೆಟ್ ಕೊಟ್ಟ. ಹೆದ್ದಾರಿಯ ಎರಡೂ ಕಡೆ ಸೋಯಾ ಮೊಣಕಾಲೆತ್ತರ ಬೆಳೆದು ಮೋಡದ ಕೆಳಗೆ ಕಪ್ಪು ಹಸಿರಾಗಿತ್ತು. ರಾಜೇಶ್ವರ ಬರಲಿ, ಅಲ್ಲಿಂದ ಶುರುಮಾಡಿದರಾಯಿತು ಎಂದುಕೊಂಡಳು. ರಾಜೇಶ್ವರ ಬಂತು, ಮಂದಿ ಇಳಿದರು, ಹತ್ತಿದರು. ಬೇವಿನ ಗಿಡ ಇದ್ದ ಕಡೆ ಈಗ ಗ್ಯಾರೇಜು. ಇನ್ನು ಸಸ್ತಾಪುರ ಬಂಗ್ಲಾ, ಅಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಊರೇ.  ಇಷ್ಟು ಅಳುಕಲು ಇದೇನು ಕಳ್ಳತನವೇ, ಒಂದು ಪುಸ್ತಕ ತೆಗೆಯುವುದು? ಮೊಣಕೈಯಿಂದ ಇಶ್ರತ್‌ಳನ್ನು ತಾಗಿದಳು. ಅವಳು ಒಂದು ಕಿವಿಯ ಗುಂಡಿ ಮಾತ್ರ ತೆಗೆದಳು.

"ಹಾಂ?"

"ಹೋದ ವರ್ಷ ನನ್ನ ಗಂಟಲಿಗಿ ಏನೂ ಆಗಿದ್ದಿಲ್ಲ ಇಶ್ರತ್."

"ಗೊತ್ತದ."

"ಏನ್ ಗೊತ್ತದ?"

"ಜಮಖಾನಿ ತೊಳ್ಯಾಕತ್ತಿದ್ರಲ್ಲ, ಕೆಂಪಂದು." ಇಶ್ರತ್ ಮುಂದಿನ ಸೀಟಿನ ಸರಳನ್ನೇ ನೋಡುತ್ತಿದ್ದಳು. "ನೀ ನನಗ ಕಾಣಬಾರದಂತ ಫೋನ್ ಆ ಕಡಿ ತಿರಗಿಸಿದಿ. ಕಿಟಕಿ ಗಾಜಿನ್ಯಾಗ ಎಲ್ಲಾ ಈ ಕಡಿ ಕಾಣತಿತ್ತು."

ಉಮಾದೇವಿ ಗಾಜಿನ ಕಡೆ ನೋಡಿದಳು. ಮೋಡದ ಬೆಳಕಿನಲ್ಲಿ ಅದರೊಳಗೆ ಅವಳದೇ ಮುಖ, ಅದರ ಹಿಂದೆ ಇಶ್ರತ್‌ಳ ಮುಖ, ಅವೆರಡರ ಮೂಲಕ ಹಾದು ಹೋಗುವ ಹೊಲ. ಇಷ್ಟು ದಿನ ಇದು ಇಲ್ಲಿಯೇ ಇತ್ತು.

"ಮತ್ತ ಜ್ಯೇಷ್ಠಮಧು ಯಾಕ ತಂದಿ?"

"ನಾಚಿಕಿ, ಶರಮ್ ಬಂದು ಓದತಿ ಅಂತ ತಂದೆ." ಇಶ್ರತ್ ಈಗ ನಕ್ಕಳು. "ನೀ ಭಾರೀ ಗಟ್ಟಿ ಹೆಂಗಸು. ಕಡ್ಡಿ ಎಲ್ಲಾ ತಿಂದಿ, ಶರಮ್ ಮಾತ್ರ ಬರಲಿಲ್ಲ. ಆಮ್ಯಾಲ ತಿಳಕೊಂಡೆ, ನಿನಗ ನಂದು ಬ್ಯಾಸರ ಆಗ್ಯಾದ, ಬಾಯಿ ಬಿಟ್ಟು ಹೇಳಾಕ ಆಗವಲ್ದು. ಅದಕ್ಕ ಇದನ್ನ ತಗೊಂಡೆ." ಕೈಯಲ್ಲಿದ್ದ ಬಿಳಿ ಗುಂಡಿಯನ್ನು ತೋರಿಸಿದಳು.

ಉಮಾದೇವಿ ಏನೋ ಹೇಳಬೇಕಿತ್ತು. ಬೇಸರ ನಿನ್ನದಾಗಿರಲಿಲ್ಲ, ಯಾರದೂ ಆಗಿರಲಿಲ್ಲ, ಆ ಕೊಳೆ ಹೋಗುವುದನ್ನು ನೋಡುತ್ತ ಕೂತರೆ ನಾನು ಯಾರೆಂಬುದೇ ಮರೆಯುತ್ತಿತ್ತು ಎಂದು. ಅದನ್ನು ಹೇಳುವಷ್ಟು ದಾರಿ ಉಳಿದಿರಲಿಲ್ಲ. ಪುಸ್ತಕ ಹೊರಗೆ ತೆಗೆದಳು. "ಓದ್ಲಿ?"

ಇಶ್ರತ್ ಎಣ್ಣೆ ಕುಡಿದ ಮೂಲೆಯನ್ನು ನೋಡಿದಳು. "ಇನ್ನಾ ಅದೇ ಬುಕ್ಕ? ಆ ಹೆಣಮಗಳು ಇನ್ನಾ ದಂಡಿ ಮ್ಯಾಲೇ ನಿಂತಾಳೇನು?"

"ಅಲ್ಲೇ ನಿಂತಾಳ."

"ಏ ಉಮಕ್ಕಾ, ನನಗ ಮುಂದಿಂದು ಗೊತ್ತದ. ಬುಕ್ಕಿನ ಹೆಸರ ಹಾಕಿ ಫೋನಿನ್ಯಾಗ ಹುಡುಕಿದೆ. ಯಾವನೋ ಒಬ್ಬವ ಚಾ ಕುಡಿಯೋದ್ರಾಗ ಎಲ್ಲಾ ಹೇಳಿಬಿಟ್ಟ. ಕಡೀಗಿ ಆಕಿ—"

"ಹೇಳಬ್ಯಾಡ!"

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಬಂತು ಅದು. ಇಶ್ರತ್ ಬೆರಗಾಗಿ ಅವಳ ಮುಖ ನೋಡಿದಳು. "ನೀ ಓದಿಲ್ಲೇನು?" ಉಮಾದೇವಿ ಇಲ್ಲವೆಂದು ತಲೆಯಾಡಿಸಿದಳು. "ಒಬ್ಬಾಕಿ ಓದಬಾರದಂತ ನೀನೇ ಅಂದಿದ್ದಿ." ಅದು ಅರ್ಧ ಖರೆ. ಓದಲು ಆಗುತ್ತಿಲ್ಲವೆಂಬ ಇನ್ನರ್ಧವನ್ನು ಹೇಳಲಿಲ್ಲ.  ಇಶ್ರತ್ ಇನ್ನೊಂದು ಕಿವಿಯ ಗುಂಡಿಯನ್ನೂ ತೆಗೆದು ಅವುಗಳ ಪುಟ್ಟ ಡಬ್ಬಿಗೆ ಹಾಕಿದಳು. "ಆಂವ ಹೇಳಿದಾಗ ನನಗ ಅಳು ಬರಲಿಲ್ಲ," ಎಂದಳು. "ನೀ ಓದಿದ್ರ ಅತ್ತಿರತಿದ್ದೆ. ಹಚ್ಚು."

ಉಮಾದೇವಿ ಹಚ್ಚಿದಳು. ದನಿ ಒಣಗಿತ್ತು, ಬೇರೆ ಯಾರದೋ ದನಿಯ ಹಾಗಿತ್ತು. ಕೆಮ್ಮಿ ಮತ್ತೆ ಶುರುಮಾಡಿದಳು. ಡೊಳ್ಳು, ನಗು, ಸೀಟಿಗಳ ನಡುವೆ ಕೇಳಿಸಲೆಂದು ತುಸು ಏರಿಸಿದಳು. ಪಕ್ಕದ ಸಾಲಿನಲ್ಲಿ ಫೋನು ಎತ್ತಿ ಹಿಡಿದು ಹಾಡು ನೋಡುತ್ತಿದ್ದ ಹುಡುಗಿಯೊಬ್ಬಳು, "ಆಂಟೀ, ಜರಾ ಸಣ್ಣಗ ಓದ್ರಿ, ಹಾಡ ಕೇಳವಲ್ದು," ಎಂದಳು. ಉಮಾದೇವಿ ಪುಸ್ತಕ ಮುಚ್ಚುವವಳಿದ್ದಳು. "ಏ ಹುಡುಗಿ, ನಿನ್ನ ಡಬ್ಬಿ ಬಾಯಿ ಮುಚ್ಚು ಮೊದಲ," ಎಂದು ಇಶ್ರತ್ ತರಗತಿಯ ದನಿಯಲ್ಲಿ ಗದರಿದಳು, "ಬಸ್ಸೇನು ನಿಮ್ಮಪ್ಪಂದ?" ಹುಡುಗಿ ಮುಖ ತಿರುವಿದಳು, ದನಿ ಕಡಿಮೆ ಮಾಡಲಿಲ್ಲ. ಉಮಾದೇವಿ ಓದಿದಳು. ಹೊಳೆಯ ಆಚೆ ದಂಡೆಯಿಂದ ಕಪ್ಪು ಚುಕ್ಕೆಯೊಂದು ಹೊರಟು ಬಂತು. ಅಂಬಿಗ ಕೂಗಿದ. ಅಲ್ಲಿ ಅವಳ ಕಣ್ಣು ಜಾರಿತು, ನಡುವಿನ ನಾಲ್ಕೈದು ಸಾಲು ಹಾರಿ ಕೆಳಗಿನ ಮಾತಿಗೆ ಬಿತ್ತು. "ಏ, ಎಲ್ಲಿ ಜಿಗದಿ? ಆಂವ ಏನಂದ ಬರಲೇ ಇಲ್ಲ," ಎಂದಳು ಇಶ್ರತ್. ಸೀಮೆಸುಣ್ಣ ಮೆತ್ತಿದ ಅವಳ ಬೆರಳು ಬಂದು ಬಿಟ್ಟ ಸಾಲಿನ ಕೆಳಗೆ ನಿಂತಿತು. ಆ ಬೆರಳು ಹೋದ ಹಾಗೆ ಉಮಾದೇವಿ ಓದಿದಳು. ಅದು ಎಲ್ಲಿಯೂ ಅವಸರ ಮಾಡಲಿಲ್ಲ. ಬಂಗ್ಲಾದಲ್ಲಿ ಬಸ್ಸು ತಿರುಗಿದಾಗ ಇಬ್ಬರೂ ಒಂದೇ ಕಡೆ ವಾಲಿದರು. ಹೆಂಗಸು ಪೆಟ್ಟಿಗೆಯನ್ನು ದೋಣಿಗೆ ಕೊಟ್ಟು, ಒಂದು ಕಾಲು ಎತ್ತಿ ಒಳಗಿಟ್ಟಳು. ಇನ್ನೊಂದು ಕಾಲು ದಂಡೆಯ ಕೆಸರಿನಲ್ಲಿ. ಅಷ್ಟರಲ್ಲಿ ತುಳಜಾರಾಮ ಬಾಗಿಲು ಬಡಿದು, "ಕಲ್ಯಾಣ, ಕಲ್ಯಾಣ, ಇಳೀರಿ," ಎಂದು ಕೂಗಿದ.

ಸ್ಟ್ಯಾಂಡಿನಲ್ಲಿ ಇಶ್ರತ್‌ಳ ಅಣ್ಣನ ಮಗ ಸ್ಕೂಟರು ತಂದಿದ್ದ. ಚೀಲಗಳನ್ನು ಹಿಡಿಯಲು ಉಮಾದೇವಿ ಕೈ ಕೊಟ್ಟಳು. ಅವರ ಮನೆಗಳ ನಡುವೆ ಕೋಟೆಯೊಂದು, ಒಂದು ಬಜಾರು; ನಡೆದರೆ ಬೆವರೂ ಬರದಷ್ಟು ದೂರ. ಆದರೂ ಇಷ್ಟು ವರ್ಷಗಳಲ್ಲಿ ಅವಳು ಇಶ್ರತ್‌ಳ ಮನೆಗೆ ಹೋದದ್ದು ಒಂದು ಈದಿಗೆ, ಅವಳ ಅತ್ತೆ ತೀರಿಕೊಂಡಾಗ ಇನ್ನೊಮ್ಮೆ. ಮನೆಯಲ್ಲಿ ಇಶ್ರತ್ ಬೇರೆಯೇ ಆಗಿದ್ದಳು, ಎಲ್ಲರ ಭಾಭಿ. ತಾನೂ ಅಲ್ಲಿ ಬೇರೆಯೇ ಆಗಿದ್ದಳು, ತಟ್ಟೆ ಹಿಡಿದು ಕುರ್ಚಿಯ ಅಂಚಿನಲ್ಲಿ ಕೂತ ಅತಿಥಿ. "ಬರತಿರು ಉಮಕ್ಕಾ," ಎಂದಳು ಇಶ್ರತ್. "ಹೂಂ. ನೀನೂ." ಸ್ಕೂಟರು ಹತ್ತಿದ ಮೇಲೆ ತಿರುಗಿ ಕೂಗಿದಳು: "ರೆಕಾರ್ಡ್ ಮಾಡಿ ಕಳಸು! ಕೆಲಸ ಮಾಡಕೋತ ಕೇಳತೀನಿ!"

ಭಾನುವಾರ ಮಧ್ಯಾಹ್ನ ಉಮಾದೇವಿ ಮಾಳಿಗೆಗೆ ಹೋಗಿ, ಒಣಹಾಕಿದ ಸೀರೆಗಳ ನಡುವೆ ಕೂತು ಫೋನಿಗೆ ಓದಿದಳು. ಕೆಳಗೆ ಅನೀಲಕುಮಾರನ ಫೋನಿನ ಕೂಗಾಟ ನಡೆದೇ ಇತ್ತು. ಅವಳು ತನ್ನ ಬೆರಳನ್ನೇ ಸಾಲಿನ ಕೆಳಗಿಟ್ಟುಕೊಂಡಳು. ತಪ್ಪಿದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿದಳು. ದೋಣಿ ಹೊಳೆಯ ನಡುವಿಗೆ ಬಂದು, ಹೆಂಗಸು ಹಿಂದೆ ತಿರುಗಿ ನೋಡಿದಲ್ಲಿಗೆ ದನಿ ನಡುಗಿತು. ನಡುಗಿದ್ದು ಹಾಗೇ ಇರಲಿ ಎಂದು ಬಿಟ್ಟಳು. ಕಳಿಸಿದಳು. ಫೋನನ್ನು ಮಡಿಲಲ್ಲಿಟ್ಟು ಸೀರೆಗೆ ಒಂದು ಮಡಿಕೆ ಹಾಕಿರಲಿಲ್ಲ, ಆಗಲೇ ಉತ್ತರ ಬಂತು. ಕೈ ಮುಗಿದ ಚಿತ್ರ, ಎರಡು ಗುಲಾಬಿ, 'ಬಹುತ್ ಖೂಬ್ ಉಮಕ್ಕಾ'. ಅಷ್ಟು ಉದ್ದದ ಓದು. ಅಷ್ಟರೊಳಗೆ ಅಂಬಿಗ ಕೂಗುವ ತನಕವೂ ಕೇಳಲು ಸಾಧ್ಯವಿರಲಿಲ್ಲ. ಆಮೇಲೆ ಕೇಳುತ್ತಾಳೆ, ಅಡುಗೆ ಮಾಡುತ್ತ ಕೇಳುತ್ತಾಳೆ ಎಂದುಕೊಂಡಳು. ಕೇಳಲಿಕ್ಕಿಲ್ಲ ಎಂದೂ ಅವಳಿಗೆ ಗೊತ್ತಿತ್ತು. ಸಿಟ್ಟು ಬರಲಿಲ್ಲ. ಆಗ ಇಶ್ರತ್ ಸುಳ್ಳು ಗಂಟಲಿಗೆ ಜ್ಯೇಷ್ಠಮಧು ತಂದಿದ್ದಳು, ಈಗ ಕೇಳದ ಓದಿಗೆ ಗುಲಾಬಿ ಕಳಿಸಿದ್ದಳು, ಅಷ್ಟೇ ವ್ಯತ್ಯಾಸ. ಒಣಗಿದ ಸೀರೆಗಳನ್ನು ಮಡಚಿದಳು. ಕಾದಂಬರಿಯ ಹೆಸರನ್ನು ಹಾಕಿ ಹುಡುಕಲು ಬೆರಳು ಒಮ್ಮೆ ಹೋಯಿತು. ಹೆಸರು ಅರ್ಧ ಬಿದ್ದಿತ್ತು, ಅಳಿಸಿದಳು.

ಸೋಮವಾರ ತುಳಜಾರಾಮ ರೂಢಿಯಂತೆ ಟವೆಲ್ಲು ಹಾಕಿಯೇ ಇಟ್ಟಿದ್ದ. ಬಂದು ಎತ್ತಿಕೊಂಡ. ಪಕ್ಕದ ಜಾಗಕ್ಕೆ ಮಡಿಲಲ್ಲಿ ಗಂಟು ಇಟ್ಟುಕೊಂಡ ಒಬ್ಬ ಮುದುಕಿ ಬಂದು ಕೂತಳು. ತೆರೆದ ಕಿಟಕಿಯಿಂದ ಗಾಳಿ ಹೊಡೆಯುತ್ತಿತ್ತು. ಉಮಾದೇವಿ ಸೆರಗನ್ನು ತಲೆಯ ಮೇಲೆ ಹೊದ್ದು ಕಿವಿ ಮುಚ್ಚಿಕೊಂಡು, ಬ್ಯಾಗಿನ ಮರೆಯಲ್ಲಿ ಪುಸ್ತಕ ಬಿಡಿಸಿದಳು. ಸುಮ್ಮನೆ ಓದಲು ನೋಡಿದಳು, ಕಣ್ಣು ಜಾರಿತು. ಬೆರಳಿಟ್ಟಳು, ಜಾರಿತು. ಕಡೆಗೆ ತುಟಿ ಆಡಿಸಿದಳು, ಮೂರನೆಯವರಿಗೆ ಕೇಳದಷ್ಟು ಮೆಲ್ಲಗೆ, ಈ ಕಡೆ ಒಂದು ಕಿವಿ ಇದೆ ಎಂಬ ಹಾಗೆ. ಆಗ ಸಾಲುಗಳು ಒಂದರ ಹಿಂದೊಂದು ನಿಂತುಕೊಂಡವು. ಹೊಳೆಯ ನಡುವೆ ದೋಣಿ ಹೊರಳಿತು. ಮುದುಕಿ ಏನೋ ಕೇಳಲು ಎರಡು ಸಲ ಅವಳ ಕಡೆ ತಿರುಗಿ, ಆಡುತ್ತಿದ್ದ ತುಟಿ ನೋಡಿ ತಡೆದು ಕೂತಿದ್ದಳು. ಬಂಗ್ಲಾ ದಾಟಿದ ಮೇಲೆ ತಡೆಯಲಾರದೆ ತೋಳು ಮುಟ್ಟಿದಳು.

"ಫೋನಿನ್ಯಾಗ ಅದೀಯೇನವ್ವಾ? ಈ ಬಸ್ಸು ಮನ್ನಾಏಖೇಳ್ಳಿಗಿ ಹೋಗತದೇನು, ಕೇಳಬೇಕಾಗಿತ್ತು."

"ಇಲ್ಲ ಯವ್ವಾ, ಹುಮನಾಬಾದಿನ್ಯಾಗ ಇಳದು ಬ್ಯಾರೇದು ಹತ್ತಬೇಕು."

"ಹೌದಾ. ನೀ ಮಾತಾಡವ್ವಾ, ಮಾತಾಡು. ಆ ಕಡಿ ಇದ್ದವರು ಕಾಯತಿರತಾರ," ಎಂದು ಮುದುಕಿ, ಇನ್ನೊಬ್ಬರ ಮಾತು ಕೇಳಿಸಿಕೊಳ್ಳಬಾರದೆಂಬ ಸಂಕೋಚಕ್ಕೆ, ಗಂಟು ತಬ್ಬಿಕೊಂಡು ಅತ್ತ ಕಡೆ ಮುಖ ಮಾಡಿ ಕೂತಳು.

"ಹೂಂ," ಎಂದಳು ಉಮಾದೇವಿ. ಬಿಟ್ಟ ಸಾಲು ಯಾವುದೆಂದು ಬೆರಳಿನಿಂದ ಹುಡುಕಿ, ಮತ್ತೆ ತುಟಿ ತೆರೆದಳು.